ನೆಬ್ರಾಸ್ಕಾದ ಹೊಲಗಳಲ್ಲಿ ಹಿರಿಯರ ಗೋರಿ ಮತ್ತು ಹೋಮ್‌ಸ್ಟೆಡ್ ಹುಡುಕುವುದು ಹೇಗೆ: ಕಸ್ಟರ್ ಕೌಂಟಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಎಷ್ಟೋ ಮನೆಗಳಿಗೆ ಈಗ ಅಲ್ಲಿನವರೇ ಸೊಸೆಯಾಗಿ, ಅಳಿಯನಾಗಿ ಬಂದಿದ್ದಾರೆ. ಮಕ್ಕಳು ಶಾಲೆಯಲ್ಲಿ ವಂಶವೃಕ್ಷ ಬರೆಯಲು ಕೂತರೆ ಒಂದು ಕಡೆ ಹಾಸನವೋ ಧಾರವಾಡವೋ ಬರುತ್ತದೆ. ಇನ್ನೊಂದು ಕಡೆ ನೆಬ್ರಾಸ್ಕಾದ ಯಾವುದೋ ಹುಲ್ಲುಗಾವಲು. ನನ್ನ ಗಂಡನ ಮನೆಯವರ ಮೂಲ ಇಂಥದ್ದೇ. ಅತ್ತೆಗೆ ತಮ್ಮ ಮುತ್ತಜ್ಜನ ಹೆಸರು ಗೊತ್ತಿತ್ತು. "ಬ್ರೋಕನ್ ಬೋ ಹತ್ತಿರ ಎಲ್ಲೋ ಜಮೀನು ಮಾಡಿದ್ದರಂತೆ" ಅನ್ನುವುದು ಗೊತ್ತಿತ್ತು. ಅಷ್ಟೇ ಗೊತ್ತಿದ್ದರೂ ಆ ಜಮೀನಿನ, ಅಂದರೆ ಸರ್ಕಾರದಿಂದ ಪಡೆದ ಹೋಮ್‌ಸ್ಟೆಡ್‌ನ ಮೂಲೆಯವರೆಗೆ ಹೋಗಬಹುದು. ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಹೆಚ್ಚಿನವರು ಗೋರಿಕಲ್ಲಿನಿಂದ ಹುಡುಕಾಟ ಶುರು ಮಾಡುತ್ತಾರೆ. ಹೆಸರು ಹಾಕುತ್ತಾರೆ, ಕಲ್ಲು ಸಿಗುವುದಿಲ್ಲ, ಕೈಬಿಡುತ್ತಾರೆ. ನಾನು ಹೇಳುವುದು, ಮೊದಲು ಜಮೀನು ಹುಡುಕಿ. 1870, 80ರ ದಶಕದಲ್ಲಿ ಸತ್ತವರನ್ನು ಹೆಚ್ಚಾಗಿ ಮನೆಯ ಹತ್ತಿರದ ದಿಬ್ಬದ ಮೇಲೋ ನೆರೆಯವರ ಹೊಲದ ಮೂಲೆಯಲ್ಲೋ ಹೂಳುತ್ತಿದ್ದರು. ಗುರುತಿಗೆ ನೆಟ್ಟ ಮರದ ಹಲಗೆ ಕೊಳೆತುಹೋಯಿತು, ಇಲ್ಲವೇ ಹುಲ್ಲುಗಾವಲಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಆದರೆ ಅದೇ ಮನುಷ್ಯ ಸರ್ಕಾರಕ್ಕೆ ಕೊಟ್ಟ ಜಮೀನಿನ ದರಖಾಸ್ತು ಇವತ್ತಿಗೂ ಕಡತದಲ್ಲಿ ಇದೆ. ಆ ಕಾಗದ ಹಿಡಿದು ಹೋದರೆ ಗೋರಿಯ ಹತ್ತಿರ ತಲುಪುವ ಸಾಧ್ಯತೆ ಜಾಸ್ತಿ.

ನೆಲದ ಹಿನ್ನೆಲೆ ಸ್ವಲ್ಪ

ಕಸ್ಟರ್ ಕೌಂಟಿ ನೆಬ್ರಾಸ್ಕಾದ ನಡುಭಾಗದಲ್ಲಿದೆ. ಶುರುವಾಗಿದ್ದು 1877ರಲ್ಲಿ, ಕೇಂದ್ರ ಬ್ರೋಕನ್ ಬೋ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಹಾಸನ ಜಿಲ್ಲೆಯಷ್ಟಿದೆ. 2020ರ ಜನಗಣತಿಯಲ್ಲಿ ಸಿಕ್ಕ ಜನ ಮಾತ್ರ ಹತ್ತೂವರೆ ಸಾವಿರ. ಅಂದರೆ ಹುಡುಕಬೇಕಾದ ನೆಲ ಬಹಳ, ಕೇಳಬಹುದಾದ ಜನ ಕಡಿಮೆ.

ಈ ನೆಲ ಯಾವತ್ತೂ ಖಾಲಿ ಇರಲಿಲ್ಲ. ಪಾನಿ ಎಂಬ ಮೂಲನಿವಾಸಿ ಜನ ಇಲ್ಲಿ ಬೇಟೆಯಾಡಿ ಬದುಕಿದ್ದರು, ಲಕೋಟ ಎಂಬ ಇನ್ನೊಂದು ಮೂಲನಿವಾಸಿ ಜನರ ಓಡಾಟವೂ ಇತ್ತು. ಒಪ್ಪಂದಗಳ ಹೆಸರಿನಲ್ಲಿ ಪಾನಿಗಳ ಭೂಮಿ ಕೈತಪ್ಪುತ್ತಾ ಹೋಗಿ, 1870ರ ದಶಕದಲ್ಲಿ ಅವರು ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ನಮ್ಮ ಮನೆಯ ಮಕ್ಕಳಿಗೆ ಹಿರಿಯರ ಕಥೆ ಹೇಳುವಾಗ ಇದನ್ನೂ ಸೇರಿಸಿಯೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಭೂಮಿಯನ್ನು ಹಂಚಿದ್ದು ಹೋಮ್‌ಸ್ಟೆಡ್ ಕಾಯ್ದೆ. ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದರು. 1863ರ ಜನವರಿ 1ರಿಂದ ಜಾರಿಗೆ ಬಂತು. 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಆಗುತ್ತೇನೆಂದು ಬರೆದುಕೊಟ್ಟಿರಬೇಕು. ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ಹಕ್ಕುಪತ್ರ. ಮದುವೆಯಾಗದ ಹೆಣ್ಣುಮಕ್ಕಳೂ ವಿಧವೆಯರೂ ತಮ್ಮದೇ ಹೆಸರಿನಲ್ಲಿ ಅರ್ಜಿ ಹಾಕಿದ್ದಾರೆ. ಹಾಗಾಗಿ ಅಜ್ಜಂದಿರ ಹೆಸರಿನ ಜೊತೆ ಅಜ್ಜಿಯರ ತವರಿನ ಹೆಸರನ್ನೂ ಹುಡುಕಲೇಬೇಕು.

ಇದಲ್ಲದೆ ಇನ್ನೆರಡು ದಾರಿಗಳಿದ್ದವು. 1873ರ ಮರ ನೆಡುವ ಕಾಯ್ದೆಯಲ್ಲಿ ಮರ ಬೆಳೆಸಿ ಜಮೀನು ಪಡೆಯಬಹುದಿತ್ತು. ಮೊದಲೇ ಹೋಗಿ ನೆಲೆಸಿದವರಿಗೆ ಕೊಳ್ಳಲು ಆದ್ಯತೆ ಕೊಡುವ ಪ್ರೀಎಂಪ್ಷನ್ ಕಾಯ್ದೆಯಲ್ಲಿ ಎಕರೆಗೆ ಸಾಮಾನ್ಯವಾಗಿ ಒಂದೂಕಾಲು ಡಾಲರ್ ಕೊಟ್ಟು ಕೊಳ್ಳಬಹುದಿತ್ತು. ಎರಡೂ 1891ರಲ್ಲಿ ರದ್ದಾದವು. ಒಬ್ಬನೇ ಮನುಷ್ಯನ ಹೆಸರಿನಲ್ಲಿ ಮೂರು ಕಡೆ ಜಮೀನು ಕಂಡರೆ ಗಾಬರಿಯಾಗಬೇಡಿ. ಅವನು ಮನೆ ಕಟ್ಟಿ ಬದುಕಿದ್ದು ಯಾವುದರಲ್ಲಿ ಅನ್ನುವುದು ಮುಖ್ಯ.

ಹಂತ 1: ಮನೆಯಲ್ಲಿ ಇರುವುದನ್ನು ಒಟ್ಟು ಮಾಡಿ

ಹಳೇ ಬೈಬಲ್‌ನ ಮೊದಲ ಪುಟಗಳು, ಫೋಟೋಗಳ ಹಿಂಬದಿ, ಪತ್ರಿಕೆಯಿಂದ ಕತ್ತರಿಸಿಟ್ಟ ಸಾವಿನ ಸುದ್ದಿ, ಲಕೋಟೆಗಳ ಮೇಲಿನ ಅಂಚೆ ಮುದ್ರೆ, ಎಲ್ಲವನ್ನೂ ನೋಡಿ. ಅಂಚೆ ಮುದ್ರೆ ಬಹಳ ಉಪಯೋಗಕ್ಕೆ ಬರುತ್ತದೆ. ಆಗ ರೈತರ ಮನೆಗಳಲ್ಲೇ ಅಂಚೆ ಕಚೇರಿ ನಡೆಯುತ್ತಿತ್ತು. ಆ ಹೆಸರುಗಳಲ್ಲಿ ಎಷ್ಟೋ ಇವತ್ತಿನ ನಕ್ಷೆಯಲ್ಲಿ ಇಲ್ಲ. ಆದರೆ ಅಂಚೆ ಕಚೇರಿ ಎಲ್ಲಿತ್ತು ಅಂತ ಗೊತ್ತಾದರೆ ಜಮೀನು ಅಲ್ಲಿಂದ ಕೆಲವೇ ಮೈಲಿ.

ವಯಸ್ಸಾದವರ ಹತ್ತಿರ ಕೂತು ಕೇಳಿ. ಹೆಸರು, ದಿನಾಂಕ ಅವರಿಗೆ ನೆನಪಿರುವುದಿಲ್ಲ. "ಹಳ್ಳ ಯಾವ ಕಡೆ ಇತ್ತು?", "ಶಾಲೆಗೆ ಎಷ್ಟು ದೂರ ನಡೆಯುತ್ತಿದ್ದರು?", "ಸ್ಮಾರಕ ದಿನಕ್ಕೆ (ಮೆಮೋರಿಯಲ್ ಡೇ) ಹೂವು ಇಡಲು ಎಲ್ಲಿಗೆ ಹೋಗುತ್ತಿದ್ದಿರಿ?" ಅಂತ ಕೇಳಿದರೆ ನೆನಪು ಬಿಚ್ಚಿಕೊಳ್ಳುತ್ತದೆ. ಅತ್ತೆ ಈ ಕೊನೆಯ ಪ್ರಶ್ನೆಗೇ ಒಂದು ಒಂಟಿ ಸೀಡರ್ ಮರದ ಮಾತು ತೆಗೆದರು. ಆ ಮರದ ಬಗ್ಗೆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಹಂತ 2: ಜನಗಣತಿ ಓದಿ, ಇಲ್ಲದ ಮಕ್ಕಳನ್ನು ಎಣಿಸಿ

ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಅಮೆರಿಕದ ಹಳೇ ಜನಗಣತಿಗಳು ಉಚಿತವಾಗಿ ಸಿಗುತ್ತವೆ. 1880, 1900, 1910 ನೋಡಿ. 1890ರದ್ದು ಕೇಳಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಹಾಳಾಗಿ, ಬಹುಪಾಲು ಇಲ್ಲವಾಯಿತು. ನೆಬ್ರಾಸ್ಕಾದವರಿಗೆ ಒಂದು ಸಮಾಧಾನವಿದೆ. 1885ರಲ್ಲಿ ಆ ರಾಜ್ಯದಲ್ಲಿ ಬೇರೆಯದೇ ಜನಗಣತಿ ನಡೆದಿದೆ. ಅದರ ಜೊತೆ ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡವರ ಪಟ್ಟಿಯೂ ಇದೆ, ಸಾವಿನ ಕಾರಣ ಸಮೇತ.

ಈಗ ಅತಿ ಮುಖ್ಯವಾದದ್ದು. 1900 ಮತ್ತು 1910ರ ಗಣತಿಯಲ್ಲಿ ತಾಯಂದಿರಿಗೆ ಎರಡು ಪ್ರಶ್ನೆ ಕೇಳಿದ್ದಾರೆ: ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಜನ ಬದುಕಿದ್ದಾರೆ. ಅತ್ತೆಯ ಮುತ್ತಜ್ಜಿಯ ಸಾಲಿನಲ್ಲಿ ಹುಟ್ಟಿದವರು 9, ಬದುಕಿರುವವರು 6 ಎಂದಿತ್ತು. ಮನೆಯವರಿಗೆ ಗೊತ್ತಿದ್ದದ್ದು ಆರೇ ಹೆಸರು. ಉಳಿದ ಮೂವರು ಎಲ್ಲಿ ಮಲಗಿದ್ದಾರೆ? ನಿಮ್ಮ ಕುಟುಂಬದಲ್ಲೂ ಈ ವ್ಯತ್ಯಾಸ ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ. ಅಷ್ಟು ಪುಟ್ಟ ಗೋರಿಗಳನ್ನು ನೀವು ಹುಡುಕಬೇಕಿದೆ. ಅವು ಊರಿನ ದೊಡ್ಡ ಸ್ಮಶಾನದಲ್ಲಿ ಇರುವುದು ಅಪರೂಪ.

ಹಂತ 3: ಹಕ್ಕುಪತ್ರ ತೆಗೆಯಿರಿ

ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಲತಾಣದಲ್ಲಿ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ವಿಭಾಗವಿದೆ. ದುಡ್ಡಿಲ್ಲ, ಖಾತೆ ತೆರೆಯುವುದೂ ಬೇಡ. ರಾಜ್ಯ ನೆಬ್ರಾಸ್ಕಾ, ಕೌಂಟಿ ಕಸ್ಟರ್, ಮನೆತನದ ಹೆಸರು ಹಾಕಿ. ಮೊದಲ ಹೆಸರು ಬಿಟ್ಟುಬಿಡಿ, ಏಕೆಂದರೆ ಎಷ್ಟೋ ಕಡೆ ಬರೀ ಇನಿಷಿಯಲ್ ಇರುತ್ತದೆ. ಜರ್ಮನ್, ಚೆಕ್, ಡೇನಿಶ್, ಸ್ವೀಡಿಶ್ ಹೆಸರುಗಳನ್ನು ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಮೂರು ನಾಲ್ಕು ರೀತಿ ಅಕ್ಷರ ಬದಲಿಸಿ ನೋಡಿ.

ಸಿಕ್ಕ ಹಕ್ಕುಪತ್ರದ ಮೇಲಿನ ದಿನಾಂಕ ಅವರು ಬಂದ ದಿನಾಂಕ ಅಲ್ಲ. ಐದು ವರ್ಷದ ವಾಸ ಮುಗಿದು, ಕಾಗದಪತ್ರ ವಾಷಿಂಗ್ಟನ್‌ಗೆ ಹೋಗಿ ಬಂದ ಮೇಲಿನದು. ಅವರು ಆರು ಏಳು ವರ್ಷ ಮೊದಲೇ ಬಂದಿರುತ್ತಾರೆ. ಒಂದು ವಿನಾಯಿತಿ ಇದೆ. ಅಂತರ್ಯುದ್ಧದಲ್ಲಿ ಒಕ್ಕೂಟದ (ಉತ್ತರದ ಯೂನಿಯನ್) ಸೈನ್ಯದಲ್ಲಿದ್ದವರಿಗೆ ಸೇವೆಯ ವರ್ಷಗಳನ್ನು ಐದರಲ್ಲಿ ಕಳೆಯುತ್ತಿದ್ದರು.

ಹಂತ 4: ಚೆಕ್ಕುಬಂದಿ ಓದುವುದನ್ನು ಕಲಿಯಿರಿ

ಹಕ್ಕುಪತ್ರದಲ್ಲಿ ಊರಿನ ಹೆಸರು ಇರುವುದಿಲ್ಲ. ಇರುವುದು ಇಂಥ ಒಂದು ಸಾಲು: ಸೆಕ್ಷನ್ 14ರ ನೈಋತ್ಯ ಕಾಲುಭಾಗ, ಟೌನ್‌ಶಿಪ್ 17 ಉತ್ತರ, ರೇಂಜ್ 20 ಪಶ್ಚಿಮ, 6ನೇ ಪ್ರಿನ್ಸಿಪಲ್ ಮೆರಿಡಿಯನ್. ನಮ್ಮಲ್ಲಿ ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ಸಿಗುತ್ತದಲ್ಲ, ಹಾಗೆ ಅಲ್ಲಿ ಈ ಸಾಲು ಗೊತ್ತಿದ್ದರೆ ಮುಂದಿನದೆಲ್ಲ ಸಿಗುತ್ತದೆ. ಒಮ್ಮೆ ಕೂತು ಅರ್ಥ ಮಾಡಿಕೊಳ್ಳಿ.

ಹಿಂದುಮುಂದಾಗಿ ಓದಬೇಕು. ನೆಬ್ರಾಸ್ಕಾದ ಅಳತೆಗಳೆಲ್ಲ ಉತ್ತರ ದಕ್ಷಿಣವಾಗಿ ಎಳೆದ 6ನೇ ಮೆರಿಡಿಯನ್ ಎಂಬ ಗೆರೆಯಿಂದ ಶುರು. ಅಡ್ಡ ಗೆರೆ ಅಂದರೆ ಕಾನ್ಸಸ್ ಮತ್ತು ನೆಬ್ರಾಸ್ಕಾದ ಗಡಿ, 40 ಡಿಗ್ರಿ ಅಕ್ಷಾಂಶ. ಪ್ರತಿ ಟೌನ್‌ಶಿಪ್ 6 ಮೈಲಿ ಉದ್ದ, 6 ಮೈಲಿ ಅಗಲ. ಟೌನ್‌ಶಿಪ್ 17 ಉತ್ತರ ಅಂದರೆ ಆ ಗಡಿಯಿಂದ ಉತ್ತರಕ್ಕೆ ಹದಿನೇಳನೇ ಚೌಕ, ಸುಮಾರು ನೂರು ಮೈಲಿ. ರೇಂಜ್ 20 ಪಶ್ಚಿಮ ಅಂದರೆ ಮೆರಿಡಿಯನ್‌ನಿಂದ ಪಶ್ಚಿಮಕ್ಕೆ ಇಪ್ಪತ್ತನೇ ಚೌಕ. ಇವೆರಡೂ ಸೇರುವ ಜಾಗ ಬ್ರೋಕನ್ ಬೋ ಪಟ್ಟಣದ ಆಸುಪಾಸು.

ಒಂದು ಟೌನ್‌ಶಿಪ್‌ನಲ್ಲಿ 36 ಸೆಕ್ಷನ್, ಪ್ರತಿ ಸೆಕ್ಷನ್ ಒಂದು ಚದರ ಮೈಲಿ, 640 ಎಕರೆ. ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ. ಆಮೇಲೆ ಕೆಳಗಿನ ಸಾಲಿನಲ್ಲಿ 7ರಿಂದ ಪೂರ್ವಕ್ಕೆ ತಿರುಗುತ್ತದೆ. ಎತ್ತು ಕಟ್ಟಿ ಹೊಲ ಉಳುವಾಗ ಸಾಲು ತುದಿಯಲ್ಲಿ ತಿರುಗಿ ಬರುವ ಹಾಗೆ. 36 ಬರುವುದು ಆಗ್ನೇಯ ಮೂಲೆಯಲ್ಲಿ. ಸೆಕ್ಷನ್ 14 ಬೇಕೆಂದರೆ ಮೇಲಿನಿಂದ ಮೂರನೇ ಸಾಲು, ಪೂರ್ವದಿಂದ ಎರಡನೇ ಚೌಕ. ಅದರ ನೈಋತ್ಯದ ಕಾಲುಭಾಗ 160 ಎಕರೆ. ಅದೇ ಆ ಮನೆಯವರ ಜಮೀನು.

16 ಮತ್ತು 36ನೇ ಸೆಕ್ಷನ್ ಸಾಮಾನ್ಯವಾಗಿ ಶಾಲೆಗಳಿಗೆ ಮೀಸಲು. ನಿಮ್ಮವರು ಅಲ್ಲಿ ಉಳುಮೆ ಮಾಡುತ್ತಿದ್ದರೆ ಅದು ಗುತ್ತಿಗೆಯ ನೆಲ ಇರಬೇಕು, ಹೋಮ್‌ಸ್ಟೆಡ್ ಕಡತ ಸಿಗದು.

ಅದೇ ಜಾಲತಾಣದಲ್ಲಿ ಜಮೀನನ್ನು ನಕ್ಷೆಯ ಮೇಲೆ ತೋರಿಸುವ ಸೌಲಭ್ಯ ಇದೆ. ನಾಲ್ಕೂ ಮೂಲೆಯ ಅಕ್ಷಾಂಶ, ರೇಖಾಂಶ ಬರೆದಿಟ್ಟುಕೊಳ್ಳಿ.

ಹಂತ 5: ಪೂರ್ತಿ ಕಡತ ತರಿಸಿ

ಹಕ್ಕುಪತ್ರ ಒಂದು ಹಾಳೆ. ಅದರ ಹಿಂದೆ ಇರುವ ಕಡತದಲ್ಲಿ ಒಂದು ಕುಟುಂಬದ ಐದಾರು ವರ್ಷದ ಬದುಕು ಇದೆ. ಸುಮ್ನೆ ಹಕ್ಕುಪತ್ರ ಪ್ರಿಂಟ್ ಹಾಕಿ ಗೋಡೆಗೆ ತೂಗುಹಾಕಿ ನಿಲ್ಲಬೇಡಿ.

ಮೂಲ ಕಡತಗಳು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ನೆಬ್ರಾಸ್ಕಾದ ಹೋಮ್‌ಸ್ಟೆಡ್ ಕಡತಗಳನ್ನು ಡಿಜಿಟಲ್ ಮಾಡಿದ್ದಾರೆ. ಫೋಲ್ಡ್‌3 ಎಂಬ ತಾಣದಲ್ಲಿ ಓದಬಹುದು. ಬಿಯಾಟ್ರಿಸ್ ಪಟ್ಟಣದ ಹತ್ತಿರ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಿದೆ. ಕಾಯ್ದೆ ಜಾರಿಗೆ ಬಂದ ದಿನವೇ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಅವರ ಜಮೀನು ಅದು. ಹುಡುಕಾಟಕ್ಕೆ ಅಲ್ಲಿನ ಸಿಬ್ಬಂದಿಯ ನೆರವು ಕೇಳಬಹುದು. ಮರ ನೆಡುವ ಕಾಯ್ದೆಯ ಕಡತ ಅಥವಾ ದುಡ್ಡು ಕೊಟ್ಟು ಕೊಂಡ ಜಮೀನಿನ ಕಡತ ಬೇಕಾದರೆ ನ್ಯಾಷನಲ್ ಆರ್ಕೈವ್ಸ್‌ಗೆ ಅರ್ಜಿ ಹಾಕಿ ಶುಲ್ಕ ಕಟ್ಟಿ ತರಿಸಬೇಕು. ಅರ್ಜಿಯಲ್ಲಿ ಲ್ಯಾಂಡ್ ಆಫೀಸಿನ ಹೆಸರು ಮತ್ತು ಹಕ್ಕುಪತ್ರದ ನಂಬರ್ ಬರೆಯಿರಿ. ಕಸ್ಟರ್ ಕೌಂಟಿಯವರು ಗ್ರ್ಯಾಂಡ್ ಐಲೆಂಡ್, ನಾರ್ತ್ ಪ್ಲ್ಯಾಟ್ ಕಚೇರಿಗಳಿಗೆ, ಆಮೇಲೆ ಬ್ರೋಕನ್ ಬೋ ಕಚೇರಿಗೂ ಹೋಗಿದ್ದಾರೆ.

ಕಡತದಲ್ಲಿ ಏನೇನು ನೋಡಬೇಕು? ಕೊನೆಯಲ್ಲಿ ಕೊಟ್ಟ ಹೇಳಿಕೆ ಎಲ್ಲಕ್ಕಿಂತ ಮುಖ್ಯ. ಮನೆ ಯಾವಾಗ ಕಟ್ಟಿದೆ, ಯಾವ ದಿನ ವಾಸಕ್ಕೆ ಬಂದೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಎಷ್ಟು ಎಕರೆ ಉತ್ತಿದ್ದೀಯ, ಎಷ್ಟು ಬೆಳೆ ತೆಗೆದಿದ್ದೀಯ, ಮಧ್ಯೆ ಊರು ಬಿಟ್ಟಿದ್ದೆಯಾ, ಏಕೆ? ಇವು ಪ್ರಶ್ನೆಗಳು. ಉತ್ತರದಲ್ಲಿ ಮನೆಯ ಉದ್ದ ಅಗಲ, ಕಿಟಕಿಗಳ ಸಂಖ್ಯೆ, ಬಾವಿ, ಕೊಟ್ಟಿಗೆ ಎಲ್ಲ ಇರುತ್ತವೆ. "ಸಾಡ್ ಹೌಸ್" ಅಂತ ಬರೆದಿದ್ದರೆ ಅದು ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ ಮನೆ. ಮರ ಸಿಗದ ಆ ಸೀಮೆಯಲ್ಲಿ ಎಷ್ಟೋ ಜನ ಬದುಕಿದ್ದು ಅಂಥ ಮನೆಗಳಲ್ಲೇ.

ಎರಡನೆಯದು, ಸಾಕ್ಷಿಗಳು. ಹಕ್ಕು ಕೇಳುವವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ನಾಲ್ವರು ನೆರೆಯವರ ಹೆಸರು ಹೇಳಬೇಕಿತ್ತು. ಅವರಲ್ಲಿ ಇಬ್ಬರು ಬಂದು ಸಾಕ್ಷಿ ಹೇಳುತ್ತಿದ್ದರು. ಈ ನಾಲ್ಕು ಹೆಸರುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಹಳ ಸಲ ಅವರೇ ಬೀಗರು, ಅವರ ಹೊಲದಲ್ಲೇ ಆ ಕಡೆಯವರ ಸ್ಮಶಾನ. ನಿಮ್ಮವರ ಗೋರಿ ನಿಮ್ಮವರ ಜಮೀನಿನಲ್ಲಿ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಈ ನಾಲ್ವರ ಜಮೀನು.

ಮೂರನೆಯದು, ಸಾವು. ಅರ್ಜಿ ಹಾಕಿದವನು ಐದು ವರ್ಷದೊಳಗೆ ತೀರಿಕೊಂಡರೆ ಹೆಂಡತಿಯೋ ಮಕ್ಕಳೋ ಮುಂದುವರಿಸಿ ಹಕ್ಕು ಪಡೆಯಬಹುದಿತ್ತು. ಆಗ ಹೇಳಿಕೆಯಲ್ಲಿ ಸತ್ತ ದಿನ ಬರೆಯಲೇಬೇಕು. ನೆಬ್ರಾಸ್ಕಾದಲ್ಲಿ ರಾಜ್ಯಮಟ್ಟದ ಮರಣ ನೋಂದಣಿ ಶುರುವಾದದ್ದೇ 1904ರಲ್ಲಿ. ಅದಕ್ಕೂ ಮೊದಲಿನ ಸಾವಿಗೆ ಎಷ್ಟೋ ಸಲ ಇರುವ ಒಂದೇ ಸರ್ಕಾರಿ ಕಾಗದ ಈ ಜಮೀನಿನ ಕಡತ.

ವಲಸೆ ಬಂದವರಾಗಿದ್ದರೆ ಪೌರತ್ವದ ಕಾಗದದ ನಕಲೂ ಅಲ್ಲೇ ಇರುತ್ತದೆ.

ಹಂತ 6: ಹಕ್ಕುಪತ್ರ ಸಿಗದಿದ್ದರೆ

ಸಿಗದೇ ಇರುವವರು ಬಹಳ ಜನ. 1890 ಮತ್ತು 1894ರ ಬರಗಾಲದಲ್ಲಿ ಎಷ್ಟೋ ಮನೆಯವರು ಗಾಡಿ ಕಟ್ಟಿಕೊಂಡು ಹೊರಟುಹೋದರು. ಅಂಥವರ ಹೆಸರು ಹಕ್ಕುಪತ್ರದ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಟ್ರ್ಯಾಕ್ಟ್ ಬುಕ್ ಎಂಬ ದೊಡ್ಡ ಖಾತೆ ಪುಸ್ತಕಗಳಲ್ಲಿ ರದ್ದಾದ ಅರ್ಜಿಗಳೂ ದಾಖಲಾಗಿವೆ. ಅವುಗಳ ಚಿತ್ರಗಳು ಫ್ಯಾಮಿಲಿಸರ್ಚ್‌ನಲ್ಲಿವೆ. ಟೌನ್‌ಶಿಪ್, ರೇಂಜ್ ಪ್ರಕಾರ ಪುಟ ತಿರುವಬೇಕು, ತಾಳ್ಮೆ ಬೇಕು. ಗಣತಿಯಲ್ಲಿ ಅಕ್ಕಪಕ್ಕದ ಮನೆಯವರು ಯಾರು ಅಂತ ನೋಡಿ, ಅವರ ಹಕ್ಕುಪತ್ರದ ಟೌನ್‌ಶಿಪ್ ಹಿಡಿದು ಹೋದರೆ ಕೆಲಸ ಬೇಗ ಆಗುತ್ತದೆ. ಕೈಬಿಟ್ಟು ಹೋದವರ ಕಡತವೂ ಕೆಲವೊಮ್ಮೆ ಉಳಿದಿರುತ್ತದೆ, ಕೇಳಿ ನೋಡಿ.

ರೈಲ್ವೆ ಕಂಪನಿಯಿಂದ ಕೊಂಡವರ ಹೆಸರಿನಲ್ಲಿ ಸರ್ಕಾರದ ಹಕ್ಕುಪತ್ರ ಇರುವುದಿಲ್ಲ, ಕ್ರಯಪತ್ರ ಇರುತ್ತದೆ.

ಹಂತ 7: ಬ್ರೋಕನ್ ಬೋ ಕೋರ್ಟ್‌ಹೌಸ್

ಕ್ರಯಪತ್ರಗಳು ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ಇರುತ್ತವೆ, ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸವೇ. ಮಾರಿದವರ ಹೆಸರಿನ ಸೂಚಿ, ಕೊಂಡವರ ಹೆಸರಿನ ಸೂಚಿ ಎರಡೂ ಇವೆ. ಆದರೆ ನೀವು "ನ್ಯೂಮರಿಕಲ್ ಇಂಡೆಕ್ಸ್" ಕೇಳಿ. ಅದರಲ್ಲಿ ಜಮೀನಿನ ಸೆಕ್ಷನ್ ಪ್ರಕಾರ ಮೊದಲಿನಿಂದ ಇಲ್ಲಿಯವರೆಗಿನ ಎಲ್ಲ ವ್ಯವಹಾರ ಸಾಲಾಗಿ ಇರುತ್ತದೆ. ಯಾವುದಾದರೂ ಕ್ರಯಪತ್ರದಲ್ಲಿ "ಇಷ್ಟು ಜಾಗ ಸ್ಮಶಾನಕ್ಕೆ ಬಿಟ್ಟು" ಎಂಬ ಮಾತಿದೆಯಾ ನೋಡಿ. ಅರ್ಧ ಎಕರೆ, ಒಂದು ಎಕರೆ ಹೀಗೆ ಚರ್ಚಿಗೋ ಸ್ಮಶಾನ ಸಂಘಕ್ಕೋ ಬರೆದುಕೊಟ್ಟಿದ್ದರೆ ಅಲ್ಲಿ ಗೋರಿಗಳಿವೆ ಅಂತಲೇ ಅರ್ಥ.

ಅಲ್ಲೇ ಕೌಂಟಿ ನ್ಯಾಯಾಲಯದ ಉತ್ತರಾಧಿಕಾರದ ಕಡತಗಳನ್ನೂ ಕೇಳಿ. ಶವಪೆಟ್ಟಿಗೆಗೆ, ಗೋರಿಕಲ್ಲಿಗೆ ಕೊಟ್ಟ ದುಡ್ಡಿನ ರಸೀದಿ ಸಿಗಬಹುದು. ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಸಣ್ಣ ಕಚೇರಿಗಳು, ಕೆಲಸ ಮಾಡುವವರು ಕಡಿಮೆ, ಆದರೆ ವಿಷಯ ತಿಳಿದವರು.

ಅದೇ ಪಟ್ಟಣದಲ್ಲಿ ಕಸ್ಟರ್ ಕೌಂಟಿ ಹಿಸ್ಟಾರಿಕಲ್ ಸೊಸೈಟಿಯ ಮ್ಯೂಸಿಯಂ ಇದೆ. ಅರ್ಧ ದಿನವಾದರೂ ಅದಕ್ಕೆ ಇಟ್ಟುಕೊಳ್ಳಿ.

ಹಂತ 8: ಬುಚರ್ ಅವರ ಫೋಟೋಗಳು

ಕಸ್ಟರ್ ಕೌಂಟಿಯವರಿಗೆ ಬೇರೆ ಕಡೆಯವರಿಗಿಲ್ಲದ ಒಂದು ಭಾಗ್ಯವಿದೆ. ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕ 1886ರಿಂದ ಗಾಡಿಯಲ್ಲಿ ಮನೆ ಮನೆಗೆ ಹೋಗಿ, ಮಣ್ಣಿನ ಮನೆಗಳ ಮುಂದೆ ಕುಟುಂಬಗಳನ್ನು ನಿಲ್ಲಿಸಿ ಫೋಟೋ ತೆಗೆದ. 1899ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಬರಹಗಳೆಲ್ಲ ಸುಟ್ಟುಹೋದವು, ಗಾಜಿನ ನೆಗೆಟಿವ್‌ಗಳು ಮಾತ್ರ ಬೇರೆ ಕಡೆ ಇದ್ದದ್ದರಿಂದ ಉಳಿದವು. ಮತ್ತೆ ಬರೆದು 1901ರಲ್ಲಿ ಕೌಂಟಿಯ ಇತಿಹಾಸದ ಪುಸ್ತಕ ತಂದ. ಮೂರು ಸಾವಿರದಷ್ಟು ನೆಗೆಟಿವ್‌ಗಳ ಆ ಸಂಗ್ರಹ ಲಿಂಕನ್ ನಗರದ ಹಿಸ್ಟರಿ ನೆಬ್ರಾಸ್ಕಾ ಸಂಸ್ಥೆಯಲ್ಲಿದೆ. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲೂ ನೋಡಬಹುದು.

1886ರ ಒಂದು ಚಿತ್ರದಲ್ಲಿ ಕ್ರಿಸ್‌ಮನ್ ಮನೆತನದ ನಾಲ್ವರು ಅಕ್ಕತಂಗಿಯರು ಕುದುರೆಗಳ ಜೊತೆ ಮಣ್ಣಿನ ಮನೆಯ ಮುಂದೆ ನಿಂತಿದ್ದಾರೆ. 1887ರ ಇನ್ನೊಂದರಲ್ಲಿ ಹಾರ್ವೆ ಆಂಡ್ರ್ಯೂಸ್ ಅವರ ಕುಟುಂಬ ತೀರಿಹೋದ ಪುಟ್ಟ ಮಗನ ಗೋರಿಯ ಬಳಿ ನಿಂತಿದೆ. ಆ ಎರಡನೇ ಚಿತ್ರವನ್ನು ತಪ್ಪದೆ ನೋಡಿ. ನೀವು ಹುಡುಕುತ್ತಿರುವ ಗೋರಿ ಹೊಸದಾಗಿದ್ದಾಗ ಹೇಗಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ನಿಮ್ಮವರ ಫೋಟೋ ಸಿಕ್ಕರೆ ಮುಖಗಳಷ್ಟೇ ನೋಡಿ ನಿಲ್ಲಿಸಬೇಡಿ. ಹಿಂದಿನ ಗುಡ್ಡದ ಗೆರೆ ನೋಡಿ. ಮನೆ ಬಿದ್ದುಹೋಗಿರುತ್ತದೆ, ಗುಡ್ಡ ಅಲ್ಲೇ ಇರುತ್ತದೆ. ಫೋಟೋದ ಪ್ರತಿ ಕೈಯಲ್ಲಿ ಹಿಡಿದು ಜಮೀನಿನಲ್ಲಿ ನಡೆಯುತ್ತಾ ಗುಡ್ಡದ ಗೆರೆ ಕೂಡುವ ಜಾಗಕ್ಕೆ ಬಂದರೆ ಮನೆ ಎಲ್ಲಿತ್ತು ಅನ್ನುವುದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಿಮ್ಮವರದು ಸಿಗದಿದ್ದರೆ ಆ ನಾಲ್ವರು ನೆರೆಯವರ ಹೆಸರಿನಲ್ಲಿ ಹುಡುಕಿ.

ಹಂತ 9: ಸಾವಿನ ಸುದ್ದಿ, ಸ್ಮಶಾನದ ಪಟ್ಟಿ, ನಕ್ಷೆ

ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ತಾಣಗಳನ್ನು ಈಗ ತೆರೆಯಿರಿ. ಈಗ ನಿಮಗೆ ಟೌನ್‌ಶಿಪ್ ಗೊತ್ತು, ನೆರೆಯವರು ಗೊತ್ತು. ಮನೆತನದ ಹೆಸರಿನ ಬದಲು ಜಮೀನಿನಿಂದ ಹತ್ತು ಮೈಲಿಯೊಳಗಿನ ಸ್ಮಶಾನಗಳನ್ನು ಒಂದೊಂದಾಗಿ ನೋಡಿ. ಜಾಲದಲ್ಲಿ ಇರುವುದನ್ನು ಹಾಕಿದ್ದು ಸ್ವಯಂಸೇವಕರು. ಕಲ್ಲಿನ ಫೋಟೋ ಇದ್ದರೆ ನಂಬಿ, ಬರೀ ಬರಹ ಇದ್ದರೆ ಬೇರೆ ದಾಖಲೆಯ ಜೊತೆ ತಾಳೆ ನೋಡಿ. ಒಂದು ಸೂಕ್ಷ್ಮ ಹೇಳುತ್ತೇನೆ. ಸತ್ತ ವರ್ಷ ಸ್ಮಶಾನ ಶುರುವಾದ ವರ್ಷಕ್ಕಿಂತ ಹಿಂದಿನದಾಗಿದ್ದರೆ, ದೇಹವನ್ನು ಹೊಲದಿಂದ ಆಮೇಲೆ ತಂದಿರಬೇಕು, ಇಲ್ಲವೇ ಕಲ್ಲು ಮಾತ್ರ ಇಲ್ಲಿದ್ದು ಮೂಲ ಗೋರಿ ಇನ್ನೂ ಹೊಲದಲ್ಲೇ ಇರಬೇಕು.

ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ ಉಚಿತ. ಬ್ರೋಕನ್ ಬೋದಿಂದ ಬರುತ್ತಿದ್ದ ಕಸ್ಟರ್ ಕೌಂಟಿ ರಿಪಬ್ಲಿಕನ್ ಅಲ್ಲಿ ಓದಲು ಸಿಗುತ್ತದೆ. ಹಳ್ಳಿ ಹಳ್ಳಿಯ ವರದಿಗಾರರು ಬರೆದ ಪುಟ್ಟ ಸುದ್ದಿಗಳಲ್ಲಿ "ಇಂಥವರ ಮಗು ಗಂಟಲಮಾರಿಯಿಂದ ತೀರಿಕೊಂಡಿತು, ಇಂಥವರ ಹೊಲದ ಬಳಿ ಹೂಳಲಾಯಿತು" ಎಂಬಂಥ ಸಾಲು ಬರಬಹುದು. ಡಿಫ್ತೀರಿಯಾ ಬಂದರೆ ಒಂದೇ ವಾರದಲ್ಲಿ ಎರಡು ಮೂರು ಮಕ್ಕಳು ಹೋಗುತ್ತಿದ್ದರು. 1888ರ ಜನವರಿ 12ರ ಹಿಮಬಿರುಗಾಳಿಯ ನಂತರದ ಸಂಚಿಕೆಗಳನ್ನೂ ನೋಡಿ. ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಆ ದಿನ ನೆಬ್ರಾಸ್ಕಾ, ಡಕೋಟ ಸೀಮೆಯಲ್ಲಿ ದಾರಿಯಲ್ಲೇ ಹೆಪ್ಪುಗಟ್ಟಿ ಸತ್ತರು.

ನಕ್ಷೆಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆಯಾದ ಯುಎಸ್‌ಜಿಎಸ್‌ನ ಟೋಪೊವ್ಯೂ ತಾಣ ಬಳಸಿ. ಹಳೇ ನಕ್ಷೆಗಳಲ್ಲಿ ಮನೆಗೆ ಪುಟ್ಟ ಕಪ್ಪು ಚೌಕ, ಗಾಳಿಯಂತ್ರಕ್ಕೆ ಗುರುತು, ಸ್ಮಶಾನಕ್ಕೆ ಗೆರೆಯ ಚೌಕ ಇರುತ್ತವೆ. 1930ರ ದಶಕದ ಕೊನೆಯಿಂದ ಕೃಷಿ ಇಲಾಖೆ ವಿಮಾನದಿಂದ ತೆಗೆದ ಫೋಟೋಗಳಲ್ಲಿ ಇವತ್ತು ಇಲ್ಲದ ಕಾಲುದಾರಿ, ಮರದ ಸಾಲು ಕಾಣುತ್ತದೆ. ಉತ್ತ ಹೊಲದ ನಡುವೆ ಉಳುಮೆ ಮಾಡದೆ ಬಿಟ್ಟ ಸಣ್ಣ ತುಂಡು ಕಂಡರೆ ಗುರುತು ಹಾಕಿಕೊಳ್ಳಿ.

ಹಂತ 10: ಒಡೆಯರ ಅನುಮತಿ

ಇದು ಬಿಡಲೇಬಾರದ ಹಂತ. ಬಹುತೇಕ ಜಮೀನು ಖಾಸಗಿ. ನಿಮ್ಮ ಮುತ್ತಜ್ಜನ ಗೋರಿ ಅಲ್ಲಿದೆ ಅಂದ ಮಾತ್ರಕ್ಕೆ ಬೇಲಿ ದಾಟಿ ಹೋಗುವಂತಿಲ್ಲ. ಈಗಿನ ಒಡೆಯರು ಯಾರೆಂದು ತೆರಿಗೆಗಾಗಿ ಜಮೀನಿನ ಬೆಲೆ ಕಟ್ಟುವ ಕೌಂಟಿ ಅಸೆಸರ್ ಕಚೇರಿಯಲ್ಲಿ ಗೊತ್ತಾಗುತ್ತದೆ. ಪತ್ರ ಬರೆಯಿರಿ, ಆಮೇಲೆ ಫೋನ್ ಮಾಡಿ. ಯಾರು, ಯಾರ ಕಡೆಯವರು, ಎಷ್ಟು ಜನ ಬರುತ್ತೀರಿ, ಏನನ್ನೂ ಅಗೆಯುವುದಿಲ್ಲ ಅನ್ನುವುದನ್ನು ಸ್ಪಷ್ಟವಾಗಿ ಹೇಳಿ. ಹಕ್ಕುಪತ್ರದ ಒಂದು ಪ್ರತಿ ಕಳಿಸಿದರೆ ಅವರಿಗೂ ಖುಷಿ, ಅದು ಅವರ ಜಮೀನಿನ ಕಥೆಯೂ ಹೌದು. ಕರು ಹಾಕುವ ಕಾಲ, ಬಿತ್ತನೆ, ಕೊಯ್ಲಿನ ದಿನಗಳಲ್ಲಿ ತೊಂದರೆ ಕೊಡಬೇಡಿ. ಎಷ್ಟೋ ಸಲ ಅವರೇ ಪಿಕಪ್‌ನಲ್ಲಿ ಕೂರಿಸಿಕೊಂಡು ಹೋಗಿ ತೋರಿಸುತ್ತಾರೆ. "ಅಪ್ಪ ಆ ಮೂಲೆಯಲ್ಲಿ ಉಳಬೇಡ ಅಂತಿದ್ದರು" ಅನ್ನುವ ಒಂದು ಮಾತು ಬಂದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಹಂತ 11: ಜಮೀನಿನಲ್ಲಿ

ಗೋರಿ ಹುಡುಕಲು ಹುಲ್ಲು ಏಳುವ ಮೊದಲಿನ ವಸಂತ, ಅಂದರೆ ಮಾರ್ಚ್ ಕೊನೆ, ಏಪ್ರಿಲ್ ಒಳ್ಳೇದು. ಮನೆಯ ಜಾಗ ಹುಡುಕಲು ಮೇ ತಿಂಗಳು ಒಳ್ಳೇದು. ಯಾಕೆಂದರೆ ಆಗ ಲೈಲಾಕ್, ಐರಿಸ್ ಹೂವು ಬಿಡುತ್ತವೆ. ಯಾರೂ ಇಲ್ಲದ ಹುಲ್ಲುಗಾವಲಿನ ನಡುವೆ ಲೈಲಾಕ್ ಪೊದೆ ತಾನಾಗಿ ಬೆಳೆಯುವುದಿಲ್ಲ, ಅದನ್ನು ಯಾರೋ ಮನೆಯ ಮುಂದೆ ನೆಟ್ಟಿದ್ದಾರೆ. ಸಾಲಾಗಿ ನಿಂತ ಸೀಡರ್, ಕಾಟನ್‌ವುಡ್ ಮರ, ಹಳೇ ಗಾಳಿಯಂತ್ರ, ಚೌಕಾಕಾರದ ತಗ್ಗು, ದಿಬ್ಬದ ಬದಿಯಲ್ಲಿ ಕುಸಿದ ಗುಂಡಿ, ಇವೆಲ್ಲ ಮನೆಯ ಗುರುತು. ಹೆಂಟೆಯ ಮನೆ ಕರಗಿ ಮತ್ತೆ ಮಣ್ಣಾಗಿರುತ್ತದೆ. ಸಣ್ಣ ಉಬ್ಬೊಂದು ಉಳಿದಿರಬಹುದು, ಅಷ್ಟೇ.

ಗೋರಿಗಳನ್ನು ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿ, ಕಾಲು ಪೂರ್ವಕ್ಕೆ ಬರುವಂತೆ ತೋಡುತ್ತಿದ್ದರು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೆಲದ ಸಣ್ಣ ತಗ್ಗೂ ನೆರಳು ಕೊಡುತ್ತದೆ. ಮಕ್ಕಳ ಗೋರಿಯ ತಗ್ಗು ಮೂರು ನಾಲ್ಕು ಅಡಿ ಉದ್ದವಷ್ಟೇ. ಸುತ್ತ ಸಿಗದ ಜಾತಿಯ ಕಲ್ಲು, ಯಕ್ಕಾ ಗಿಡದ ಸಾಲು, ಒಂಟಿ ಸೀಡರ್ ಕಂಡರೆ ನಿಂತು ನೋಡಿ. ಕಡ್ಡಿ ಹಿಡಿದು ಗೋರಿ ಕಂಡುಹಿಡಿಯುತ್ತೇವೆ ಅನ್ನುವವರು ಅಲ್ಲೂ ಇದ್ದಾರೆ, ಅದನ್ನು ದಾಖಲೆ ಅಂತ ಬರೆಯಬೇಡಿ. ಖಚಿತ ಬೇಕಾದರೆ ನೆಲದೊಳಗೆ ರಾಡಾರ್ ಹಾಯಿಸಿ ನೋಡುವ ತಜ್ಞರಿದ್ದಾರೆ.

ಜೋಪಾನದ ಮಾತು ನಾಲ್ಕು. ಹಳೇ ಬಾವಿಗಳ ಮೇಲಿನ ಹಲಗೆ ಕೊಳೆತಿರುತ್ತದೆ, ಹುಲ್ಲಿನಲ್ಲಿ ಕಾಣುವುದಿಲ್ಲ, ಕೋಲಿನಿಂದ ತಟ್ಟುತ್ತಾ ನಡೆಯಿರಿ. ಬಿಸಿಲು ಬಂದ ಮೇಲೆ ಬುಡುಬುಡಿಕೆ ಹಾವು (ರ್ಯಾಟಲ್‌ಸ್ನೇಕ್), ಉಣ್ಣಿ ಹುಳ ಇರುತ್ತವೆ, ಎತ್ತರದ ಬೂಟು ಬೇಕು. "ಮಿನಿಮಮ್ ಮೇಂಟೆನೆನ್ಸ್ ರೋಡ್" (ಹೆಚ್ಚು ದುರಸ್ತಿ ಮಾಡದ ದಾರಿ) ಅನ್ನುವ ಬೋರ್ಡ್ ಇದ್ದು ಮಳೆ ಬಂದಿದ್ದರೆ ಆ ದಾರಿಗೆ ಕಾರು ಇಳಿಸಲೇಬೇಡಿ. ನವೆಂಬರ್‌ನಲ್ಲಿ ಜಿಂಕೆ ಬೇಟೆಯ ದಿನಗಳಿರುತ್ತವೆ, ಕಿತ್ತಳೆ ಬಣ್ಣದ ಅಂಗಿ ಹಾಕಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿಯೇ ಬನ್ನಿ.

ಏನನ್ನೂ ಅಗೆಯಬೇಡಿ, ತುಕ್ಕು ಹಿಡಿದ ಮೊಳೆಯನ್ನೂ ಜೇಬಿಗೆ ಹಾಕಬೇಡಿ. ಮೂಳೆ ಕಂಡರೆ ಅಲ್ಲೇ ಬಿಟ್ಟು ಶೆರಿಫ್‌ಗೆ ಫೋನ್ ಮಾಡಿ. ಗುರುತಿಲ್ಲದ ಸಮಾಧಿಗಳ ರಕ್ಷಣೆಗೆ ನೆಬ್ರಾಸ್ಕಾ 1989ರಲ್ಲೇ ಕಾನೂನು ಮಾಡಿದೆ. ಆ ಮೂಳೆ ನಿಮ್ಮವರದ್ದೇ ಆಗಿರಬೇಕಿಲ್ಲ, ಪಾನಿ ಜನರ ಹಿರಿಯರದ್ದೂ ಆಗಿರಬಹುದು. ಇಬ್ಬರಿಗೂ ಅದೇ ಗೌರವ ಸಲ್ಲಬೇಕು.

ಹಂತ 12: ಕಲ್ಲು ಸಿಕ್ಕಾಗ

ತಂತಿ ಬ್ರಷ್, ಬ್ಲೀಚ್, ಶೇವಿಂಗ್ ಕ್ರೀಮ್, ಹಿಟ್ಟು, ಸೀಮೆಸುಣ್ಣ ಯಾವುದೂ ಬೇಡ. ಆ ಕಾಲದ ಬಿಳಿ ಅಮೃತಶಿಲೆ ಸಕ್ಕರೆಯಂತೆ ಪುಡಿಯಾಗುತ್ತದೆ. ಶುದ್ಧ ನೀರು, ಮೆತ್ತನೆಯ ಬ್ರಷ್ ಸಾಕು, ಅದೂ ಕಲ್ಲು ಗಟ್ಟಿಯಾಗಿದ್ದರೆ ಮಾತ್ರ. ಅಕ್ಷರ ಕಾಣದಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಬದಿಯಿಂದ ಬೀಳಿಸಿ ಫೋಟೋ ತೆಗೆಯಿರಿ, ಅಳಿಸಿಹೋದ ಹೆಸರೂ ಎದ್ದು ಕಾಣುತ್ತದೆ.

ಹುಟ್ಟಿದ ದಿನ ಬರೆಯದೆ "3 ವರ್ಷ, 2 ತಿಂಗಳು, 11 ದಿನ" ಅಂತ ಬದುಕಿದ ಕಾಲ ಮಾತ್ರ ಕೆತ್ತಿರುತ್ತಾರೆ. ಸತ್ತ ದಿನದಿಂದ ಹಿಂದಕ್ಕೆ ಎಣಿಸಿ. ಕುರಿಮರಿಯ ಕೆತ್ತನೆ ಇದ್ದರೆ ಮಗುವಿನ ಗೋರಿ. ಮರದ ಬೊಡ್ಡೆಯ ಆಕಾರದ ಕಲ್ಲಿದ್ದರೆ 1890ರಲ್ಲಿ ಒಮಾಹದಲ್ಲಿ ಶುರುವಾದ ವುಡ್‌ಮೆನ್ ಆಫ್ ದಿ ವರ್ಲ್ಡ್ ಸಂಘದ ಸದಸ್ಯರು ಇರಬಹುದು. ಲೋಹದ ನಕ್ಷತ್ರ ನೆಟ್ಟಿದ್ದರೆ ಅಂತರ್ಯುದ್ಧದ ಯೋಧ. ಅವರ ಪಿಂಚಣಿ ಕಡತವನ್ನು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಕೇಳಿ. ಮದುವೆ, ಮಕ್ಕಳು, ಕಾಯಿಲೆ ಎಲ್ಲ ಅದರಲ್ಲಿ ಸಿಗುತ್ತದೆ.

ಹಂತ 13: ಸಿಕ್ಕಿದ್ದನ್ನು ದಾಖಲಿಸಿ

ಪ್ರತಿ ಕಲ್ಲಿನ ಮುಂದೆ, ಹಿಂದೆ, ದೂರದಿಂದ ಒಂದು, ಹೀಗೆ ಫೋಟೋ ತೆಗೆಯಿರಿ. ಜಿಪಿಎಸ್ ಅಂಕಿ, ಚೆಕ್ಕುಬಂದಿಯ ಪೂರ್ತಿ ಸಾಲು, ದಿನಾಂಕ, ದಾರಿ ತೋರಿಸಿದವರ ಮಾತು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಖಚಿತ ಯಾವುದು, ಊಹೆ ಯಾವುದು ಅಂತ ಬೇರೆ ಬೇರೆಯಾಗಿ ಗುರುತಿಸಿ. ಖಾಸಗಿ ಜಮೀನಿನ ಗೋರಿಯ ನಿಖರ ಜಾಗವನ್ನು ಜಾಲದಲ್ಲಿ ಹಾಕುವ ಮೊದಲು ಒಡೆಯರನ್ನು ಕೇಳಿ.

ಆ ಹಾಳೆಯ ಒಂದು ಪ್ರತಿ ಬ್ರೋಕನ್ ಬೋದ ಹಿಸ್ಟಾರಿಕಲ್ ಸೊಸೈಟಿಗೆ, ಒಂದು ಮನೆಯ ಹಿರಿಯರಿಗೆ. ಇನ್ನೊಂದನ್ನು ಈಗ ಜಮೀನು ಮಾಡುತ್ತಿರುವವರಿಗೆ ತಪ್ಪದೆ ಕೊಡಿ, ಗೋರಿಯ ಜಾಗವನ್ನು ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಜಮೀನು ನಾಳೆ ಮಾರಾಟವಾದರೂ ಗುತ್ತಿಗೆಗೆ ಹೋದರೂ, ಟ್ರ್ಯಾಕ್ಟರ್ ಓಡಿಸುವವರಿಗೆ ಆ ಮೂಲೆ ಬಿಟ್ಟು ಉಳಬೇಕು ಅನ್ನುವುದು ಆ ಕಾಗದದಿಂದಲೇ ಗೊತ್ತಾಗಬೇಕು.